ಇಸಾಕನ ಬಾವಿಗಳು

ಬೈಬಲ್ಲಿನ ಆದಿಕಾಂಡದಲ್ಲಿ ಇಸಾಕನಿಗೆ ಸಿಕ್ಕಿರುವ ಜಾಗ ಸಣ್ಣದು. ಅಪ್ಪ ಅಬ್ರಹಾಮ ದೇವರ ಮಾತಿಗೆ ಓಗೊಟ್ಟು ಹುಟ್ಟಿದ ನಾಡನ್ನೇ ತೊರೆದವನು. ಮಗ ಯಾಕೋಬ ಅಣ್ಣನ ಪಾಲಿನ ಆಶೀರ್ವಾದ ಕಸಿದು, ಪರದೇಶಕ್ಕೆ ಓಡಿ, ಮರಳುವ ದಾರಿಯಲ್ಲಿ ಇರುಳಿಡೀ ಸೆಣಸಿ ಹೊಸ ಹೆಸರು ಪಡೆದವನು. ಇವರಿಬ್ಬರ ನಡುವೆ ಇಸಾಕ ಸದ್ದಿಲ್ಲದೆ ಬದುಕಿ ಹೋಗುತ್ತಾನೆ. ಅವನದೇ ಎನ್ನಬಹುದಾದ ಅಧ್ಯಾಯ 26ನೆಯದೊಂದೇ. ಅದರಲ್ಲಿ ಅವನು ಯುದ್ಧ ಗೆಲ್ಲುವುದಿಲ್ಲ, ಕೋಟೆ ಕಟ್ಟುವುದಿಲ್ಲ. ಬಾವಿ ತೋಡುತ್ತಾನೆ.

ಬರಗಾಲ ಬಂದು ಇಸಾಕ ಫಿಲಿಷ್ಟಿಯರ ಗೆರಾರಿಗೆ ಬರುತ್ತಾನೆ. ಬಿತ್ತಿದ್ದು ನೂರ್ಮಡಿಯಾಗಿ ಬೆಳೆಯುತ್ತದೆ. ಕುರಿದನ ಹೆಚ್ಚುತ್ತವೆ, ಆಳುಕಾಳು ಹೆಚ್ಚುತ್ತಾರೆ, ನೆರೆಯವರ ಹೊಟ್ಟೆಯುರಿಯೂ ಹೆಚ್ಚುತ್ತದೆ. ಅಬ್ರಹಾಮನ ಕಾಲದಲ್ಲಿ ತೋಡಿದ್ದ ಬಾವಿಗಳಿಗೆಲ್ಲ ಅವರು ಮಣ್ಣು ತುಂಬಿಬಿಡುತ್ತಾರೆ. ತಾವು ಸೇದುವುದೂ ಇಲ್ಲ, ಇನ್ನೊಬ್ಬರಿಗೆ ಸೇದಗೊಡುವುದೂ ಇಲ್ಲ. ಅರಸ ಅಬೀಮೆಲೆಕ ಬಂದು, ನೀನು ನಮ್ಮನ್ನು ಮೀರಿ ಬೆಳೆದೆ, ಇಲ್ಲಿಂದ ಹೊರಡು ಎನ್ನುತ್ತಾನೆ. ಇಸಾಕ ಹೊರಡುತ್ತಾನೆ. ಗೆರಾರಿನ ಕಣಿವೆಯಲ್ಲಿ ಗುಡಾರ ಹಾಕಿ, ಮಣ್ಣು ಮುಚ್ಚಿದ್ದ ಅಪ್ಪನ ಬಾವಿಗಳನ್ನು ಮತ್ತೆ ತೋಡಿಸುತ್ತಾನೆ. ಅಪ್ಪ ಇಟ್ಟಿದ್ದ ಹೆಸರುಗಳನ್ನೇ ಅವಕ್ಕೆ ಮರಳಿ ಇಡುತ್ತಾನೆ. ಬಳಿಕ ಅವನ ಆಳುಗಳು ಹೊಸದೊಂದು ಬಾವಿ ತೋಡಿದಾಗ ಒರತೆ ಚಿಮ್ಮುತ್ತದೆ. ಗೆರಾರಿನ ಕುರುಬರು ಬಂದು ನೀರು ನಮ್ಮದು ಎನ್ನುತ್ತಾರೆ. ಆ ಬಾವಿಗೆ ಜಗಳದ ಹೆಸರು ಉಳಿಯುತ್ತದೆ. ಇನ್ನೊಂದು ತೋಡಿದರೆ ಅದಕ್ಕೂ ತಂಟೆ. ಅದಕ್ಕೆ ಹಗೆಯ ಹೆಸರು. ಇಸಾಕ ಅಲ್ಲಿಂದಲೂ ಮುಂದೆ ಹೋಗಿ ಮೂರನೆಯದನ್ನು ತೋಡಿಸುತ್ತಾನೆ. ಅದಕ್ಕೆ ಯಾರೂ ಬರುವುದಿಲ್ಲ. ದೇವರು ನಮಗೂ ಜಾಗ ಕೊಟ್ಟ ಎಂದು ಅದನ್ನು ರೆಹೋಬೋತ್ ಎಂದು ಕರೆಯುತ್ತಾನೆ.

ಮೇಲ್ನೋಟಕ್ಕೆ ಇದು ಹುಲ್ಲುಗಾವಲು, ನೀರು, ಕುರುಬರ ಕಿತ್ತಾಟದ ಕಥೆ. ಒಣನಾಡಿನಲ್ಲಿ ನೀರಿಗಾಗಿ ನಡೆಯುವ ಜಗಳ ಎಲ್ಲಿ ಇಲ್ಲ? ಆದರೆ ಕ್ರಿಸ್ತಶಕ 3ನೆಯ ಶತಮಾನದಲ್ಲಿ ಪ್ಯಾಲೆಸ್ತೀನಿನ ಕೈಸರೈಯ ಪಟ್ಟಣದ ಸಭೆಯೊಂದರ ಮುಂದೆ ನಿಂತು ಒರಿಜೆನ್ ಎಂಬ ಪಂಡಿತ ಈ ಅಧ್ಯಾಯದ ಮೇಲೆ ಪ್ರವಚನ ಮಾಡಿದ. ಆದಿಕಾಂಡದ ಮೇಲಿನ ಅವನ 16 ಪ್ರವಚನಗಳು ಉಳಿದುಬಂದಿವೆ. ಅವುಗಳಲ್ಲಿ 13ನೆಯದು ಈ ಬಾವಿಗಳ ಕುರಿತದ್ದು. ನಮ್ರತೆ ಎಂದರೇನು, ಒಳಗು ಹೊಸದಾಗುವುದು ಎಂದರೇನು ಎಂದು ಯಾರಾದರೂ ಕೇಳಿದರೆ ನನಗೆ ಮೊದಲು ನೆನಪಾಗುವುದು ಆ ಪ್ರವಚನ.

ಒರಿಜೆನ್ ಹುಟ್ಟಿದ್ದು ಸುಮಾರು 185ರಲ್ಲಿ, ಈಜಿಪ್ಟಿನ ಅಲೆಕ್ಸಾಂಡ್ರಿಯದಲ್ಲಿ. ಅವನು ಇನ್ನೂ ಹದಿಹರೆಯದಲ್ಲಿದ್ದಾಗ ರೋಮನ್ ಆಡಳಿತ ಅವನ ತಂದೆ ಲಿಯೊನಿಡಿಸನನ್ನು ನಂಬಿಕೆಯ ಕಾರಣಕ್ಕೆ ಕೊಲ್ಲಿಸಿತು. ತಾನೂ ಹೋಗಿ ಸಾಯುತ್ತೇನೆಂದು ಹೊರಟ ಮಗನನ್ನು ತಡೆಯಲು ತಾಯಿ ಅವನ ಬಟ್ಟೆಗಳನ್ನೆಲ್ಲ ಬಚ್ಚಿಟ್ಟಳೆಂದು ಚರಿತ್ರಕಾರ ಯೂಸೇಬಿಯಸ್ ಬರೆದಿದ್ದಾನೆ. ಹುಡುಗ ಉಳಿದ; ಅಷ್ಟೇ ಉರಿಯಿಂದ ಓದಿಗೆ ತೊಡಗಿದ. ಮುಂದೆ ಅಲೆಕ್ಸಾಂಡ್ರಿಯದ ಬಿಷಪ್ ಡೆಮೆಟ್ರಿಯಸನಿಗೂ ಅವನಿಗೂ ಸರಿಬಾರದೆ ಹೋದಾಗ ಸುಮಾರು 231ರ ಹೊತ್ತಿಗೆ ಊರು ಬಿಟ್ಟು ಕೈಸರೈಯಕ್ಕೆ ಬಂದು ನೆಲೆಸಿದ. ತನ್ನ ಪ್ರವಚನಗಳನ್ನು ಶೀಘ್ರಲಿಪಿಕಾರರು ಬರೆದುಕೊಳ್ಳಲು ಅವನು ಒಪ್ಪಿದ್ದು ಅರವತ್ತು ದಾಟಿದ ಮೇಲೆ ಎಂದು ಅದೇ ಯೂಸೇಬಿಯಸ್ ಹೇಳುತ್ತಾನೆ. ಮಾತಿನ ಮೇಲೆ ಅಷ್ಟು ಹಿಡಿತವಿದ್ದ ಮನುಷ್ಯ ಅಷ್ಟು ಕಾಲ ತಡೆದುಕೊಂಡ ಎಂಬುದೇ ಒಂದು ಪಾಠ.

ಶಾಸ್ತ್ರಕ್ಕೂ ಮನುಷ್ಯನ ಹಾಗೆ ದೇಹ, ಮನಸ್ಸು, ಆತ್ಮಗಳಿವೆ ಎಂಬುದು ಅವನ ನಂಬಿಕೆ. ಅಕ್ಷರದ ಅರ್ಥ ದೇಹ. ಅದು ಬೇಕು, ಆದರೆ ಅಲ್ಲಿಗೇ ನಿಲ್ಲಬಾರದು. ಕನ್ನಡದ ಕಿವಿಗೆ ಈ ಓದಿನ ದಾರಿ ಹೊಸದೇನಲ್ಲ. ಶಿಶುನಾಳ ಶರೀಫರ ತತ್ತ್ವಪದಗಳನ್ನು ಕೇಳುತ್ತ ಬೆಳೆದವರಿಗೆ ಮನೆ ಎಂದರೆ ಮನೆಯಷ್ಟೇ ಅಲ್ಲ, ಹೊಲ ಎಂದರೆ ಹೊಲವಷ್ಟೇ ಅಲ್ಲ ಎಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಹಾಗೆಯೇ ಒರಿಜೆನ್ ಬಾವಿಯ ದಂಡೆಗೆ ಕೇಳುಗರನ್ನು ಕರೆದುಕೊಂಡು ಹೋಗಿ ಒಳಗೆ ಬಗ್ಗಿ ನೋಡಿಸುತ್ತಾನೆ. ಅವನು ಹೇಳುವುದರ ತಿರುಳು ಇಷ್ಟು: ನಿಮ್ಮಲ್ಲಿ ಒಬ್ಬೊಬ್ಬರ ಒಳಗೂ ಜೀವಜಲದ ಬಾವಿಯೊಂದು ಇದೆ. ಫಿಲಿಷ್ಟಿಯರು ಅದಕ್ಕೆ ಮಣ್ಣು ತುಂಬಿದ್ದಾರೆ. ಆ ಫಿಲಿಷ್ಟಿಯರು ಎಲ್ಲೋ ಗಡಿಯಾಚೆ ಇರುವ ಜನವಲ್ಲ. ನಮ್ಮನ್ನು ನೆಲದ ಆಸೆಗಳಿಗೇ ಕಟ್ಟಿಹಾಕುವ ಶಕ್ತಿಗಳು. ನೀರನ್ನು ಹೊರಗಿನಿಂದ ತರಬೇಕಾಗಿಲ್ಲ. ಮಣ್ಣು ತೆಗೆಯಬೇಕು.

ಇದಕ್ಕೆ ಒತ್ತಾಸೆಯಾಗಿ ಅವನು ಲೂಕನ ಸುವಾರ್ತೆಯ ಸಾಮತಿಯೊಂದನ್ನು ತರುತ್ತಾನೆ. ಹತ್ತು ಬೆಳ್ಳಿನಾಣ್ಯಗಳಲ್ಲಿ ಒಂದನ್ನು ಕಳೆದುಕೊಂಡ ಹೆಂಗಸು ದೀಪ ಹಚ್ಚಿ, ಮನೆ ಗುಡಿಸಿ, ಮೂಲೆಮೂಲೆ ಹುಡುಕಿ ಅದನ್ನು ಕಂಡುಕೊಂಡ ಕಥೆ. ನಾಣ್ಯ ಸಿಕ್ಕಿದ್ದು ಎಲ್ಲಿ ಎಂದು ನೋಡಿ ಎನ್ನುತ್ತಾನೆ: ಬೀದಿಯಲ್ಲಲ್ಲ, ಸಂತೆಯಲ್ಲಲ್ಲ, ಮನೆಯ ಒಳಗೇ. ಮನುಷ್ಯನ ಒಳಗೆ ದೇವರು ಬರೆದಿಟ್ಟ ಚಿತ್ರವೂ ಹಾಗೆಯೇ. ನಮ್ಮ ಉಪೇಕ್ಷೆಯಿಂದ ಅದು ಮಸುಕಾಗಬಹುದು, ಅದರ ಮೇಲೆ ನಾವೇ ಬೇರೆ ಬಣ್ಣಗಳನ್ನು ಬಳಿದುಕೊಳ್ಳಬಹುದು. ಅಳಿಸಿಹೋಗುವುದು ಮಾತ್ರ ಸಾಧ್ಯವಿಲ್ಲ. ಮನುಷ್ಯನ ಬಗ್ಗೆ ಇದಕ್ಕಿಂತ ದೊಡ್ಡ ಗೌರವದ ಮಾತನ್ನು ನಾನು ಹೆಚ್ಚು ಕಡೆ ಕೇಳಿಲ್ಲ. ನಮ್ರತೆಯ ಬೋಧನೆ ಈ ಗೌರವದಿಂದ ಹುಟ್ಟಬೇಕು. ನೀನು ಹುಳು, ನೀನು ಧೂಳು ಎಂದು ಹಣಿಯುತ್ತ ಹೋಗುವ ಬೋಧನೆ ಬಾವಿಗೆ ಇನ್ನಷ್ಟು ಮಣ್ಣು ಸುರಿಯುವ ಕೆಲಸ.

ನಮ್ರತೆಯನ್ನು ನಾವು ಸಾಮಾನ್ಯವಾಗಿ ಒಂದು ಒಡವೆಯೆಂದು ತಿಳಿಯುತ್ತೇವೆ. ವಿದ್ಯೆಯಿದೆ, ಹಣವಿದೆ, ಮೇಲೊಂದಿಷ್ಟು ವಿನಯವೂ ಇದ್ದರೆ ಚೆನ್ನ ಎಂಬ ಲೆಕ್ಕ. ಹೀಗೆ ಸಂಪಾದಿಸಿದ ವಿನಯ ಕೈ ಮುಗಿಯುತ್ತದೆ, ತಲೆ ಬಾಗುತ್ತದೆ, ಯಾರಾದರೂ ಗಮನಿಸಿದರೆ ಒಳಗೊಳಗೇ ಉಬ್ಬುತ್ತದೆ. ಬಾವಿಯ ಕಥೆ ಈ ಲೆಕ್ಕವನ್ನೇ ತಿರುಗಿಸಿಬಿಡುತ್ತದೆ. ಇಲ್ಲಿ ಕೂಡಿಸುವುದು ಏನೂ ಇಲ್ಲ, ತೆಗೆಯುವುದಷ್ಟೇ. ಇಸಾಕ ಅಪ್ಪನ ಬಾವಿಗಳಿಗೆ ತನ್ನ ಹೆಸರು ಇಡಲಿಲ್ಲ. ಮಣ್ಣು ತೆಗೆಸಿದ, ಹಳೆಯ ಹೆಸರಿಟ್ಟ, ಸುಮ್ಮನಾದ. ಬಾವಿ ತೋಡುವವನು ನೀರನ್ನು ಮಾಡುವವನಲ್ಲ ಎಂಬ ಅರಿವು ಅವನಿಗಿತ್ತು. ಅಗೆಯುವ ಕೈ ನನ್ನದು, ಬೆವರು ನನ್ನದು, ಒರತೆ ನನ್ನದಲ್ಲ. ಇಷ್ಟು ಮನಸ್ಸಿಗೆ ನಾಟಿದರೆ ನಮ್ರತೆಯ ಬಗ್ಗೆ ತಿಳಿಯಬೇಕಾದ ಬಹುಪಾಲು ತಿಳಿದಂತೆ.

ನಮ್ಮ ಕರಾವಳಿಯಲ್ಲಿ ಮಳೆ ಹಿಡಿಯುವ ಮುಂಚೆ, ಮೇ ತಿಂಗಳ ಸುಡುಬಿಸಿಲಿನಲ್ಲಿ, ಬಾವಿಯ ಹೂಳು ತೆಗೆಸುತ್ತಾರೆ. ಆ ಕೆಲಸವನ್ನು ದಂಡೆಯ ಬಳಿ ನಿಂತು ನೋಡಿದವರಿಗೆ ಒರಿಜೆನ್ ಹೇಳುವುದು ಬೇಗ ಹಿಡಿಸುತ್ತದೆ. ಮೊದಲು ಇರುವ ನೀರನ್ನು ಪಂಪಿಟ್ಟು ಖಾಲಿ ಮಾಡುತ್ತಾರೆ. ಆಮೇಲೆ ಹಗ್ಗಕ್ಕೆ ಕಟ್ಟಿದ ದೀಪವನ್ನು ಒಳಕ್ಕೆ ಇಳಿಸುತ್ತಾರೆ. ದೀಪ ಆರಿದರೆ ಯಾರೂ ಇಳಿಯುವಂತಿಲ್ಲ, ಅಡಿಯಲ್ಲಿ ಕೆಟ್ಟಗಾಳಿ ನಿಂತಿದೆ ಎಂದು ಅರ್ಥ. ಸೊಪ್ಪಿನ ಗೆಲ್ಲನ್ನು ಕಟ್ಟಿ ಮೇಲೆ ಕೆಳಗೆ ಆಡಿಸಿ ಗಾಳಿ ಕದಡುತ್ತಾರೆ. ದೀಪ ಉಳಿದರೆ ಇಬ್ಬರು ಇಳಿಯುತ್ತಾರೆ. ಕೆಸರು ತುಂಬಿದ ಬುಟ್ಟಿ ರಾಟೆಯ ಮೇಲೆ ಕಿರುಗುಟ್ಟುತ್ತ ಮೇಲೆ ಬರುತ್ತದೆ, ಖಾಲಿಯಾಗಿ ಕೆಳಗೆ ಹೋಗುತ್ತದೆ. ಕಪ್ಪು ಕೆಸರಿನೊಡನೆ ಕೊಳೆತ ಎಲೆ, ತೆಂಗಿನ ಸಿಪ್ಪೆ, ಹಗ್ಗದ ತುಂಡು, ಮಕ್ಕಳ ಚೆಂಡು ಬರುತ್ತವೆ. ಪಾತಾಳಗರಡಿಗೂ ಸಿಗದೆ ಮರೆತುಹೋಗಿದ್ದ ಹಿತ್ತಾಳೆಯ ಚೊಂಬು ಮಣ್ಣು ಮೆತ್ತಿಕೊಂಡು ಬರುತ್ತದೆ. ಯಾರೂ ಬೇಕೆಂದು ಹಾಕಿದ್ದಲ್ಲ. ವರ್ಷವಿಡೀ ಒಂದೊಂದೇ ಬಿದ್ದು ಕೂತದ್ದು.

ಇನ್ನೊಂದು ಸಂಗತಿಯನ್ನೂ ಅಲ್ಲಿ ನೋಡಬೇಕು. ಹೂಳು ತೆಗೆದ ಕೂಡಲೇ ತಿಳಿನೀರು ಬರುವುದಿಲ್ಲ. ಒರತೆಯ ಬಾಯಿ ಬಿಟ್ಟಾಗ ಮೊದಲು ಬರುವುದು ಹಿಂದಿಗಿಂತ ಹೆಚ್ಚು ಕದಡಿದ, ಕೆಂಪುಕೆಂಪಾದ ನೀರು. ಎರಡು ದಿನ ಕೊಡ ಇಳಿಸಬೇಡಿ ಎಂದು ಹೇಳಿ ಕೆಲಸದವರು ಹೊರಡುತ್ತಾರೆ. ಪ್ರಾರ್ಥನೆಗೆ, ಧ್ಯಾನಕ್ಕೆ, ತನ್ನನ್ನು ತಾನೇ ಒರೆಗೆ ಹಚ್ಚಿಕೊಳ್ಳುವುದಕ್ಕೆ ಹೊಸದಾಗಿ ಕೂತವರ ಅನುಭವವೂ ಇದೇ. ಮುಂಚೆ ಇಷ್ಟು ಸಿಟ್ಟಿರಲಿಲ್ಲ, ಇಷ್ಟು ಹೊಟ್ಟೆಕಿಚ್ಚಿರಲಿಲ್ಲ, ಕೂತ ಮೇಲೆ ಎಲ್ಲ ಮೇಲೆದ್ದಿತು ಎಂದು ಹೆದರಿ ಎದ್ದುಬಿಡುತ್ತಾರೆ. ಅದು ಸೋಲಲ್ಲ. ತಳದಲ್ಲಿದ್ದದ್ದು ಕಣ್ಣಿಗೆ ಬಿತ್ತು, ಅಷ್ಟೇ. ತಿಳಿಯಾಗಲು ಬಿಡುವ ತಾಳ್ಮೆ ಬೇಕು. ಮುಂದಿನ ವರ್ಷ ಮತ್ತೆ ಹೂಳು ಸೇರುತ್ತದೆ, ಮತ್ತೆ ಇಳಿಯಬೇಕಾಗುತ್ತದೆ ಎಂಬುದನ್ನೂ ಬೇಸರವಿಲ್ಲದೆ ಒಪ್ಪಿಕೊಳ್ಳಬೇಕು. ಒಳಗಿನ ನವೀಕರಣ ಒಂದು ದಿನದ ಉತ್ಸವವಲ್ಲ. ಋತುವಿಗೊಮ್ಮೆ ಬರುವ ದುಡಿಮೆ.

ಒರಿಜೆನ್ ಈ ದುಡಿಮೆಯನ್ನು ದಿನನಿತ್ಯದ ಓದಿಗೆ ಕಟ್ಟುತ್ತಾನೆ. ಅಬ್ರಹಾಮನ ಸೇವಕ ಇಸಾಕನಿಗೆ ಹೆಣ್ಣು ಹುಡುಕಿಕೊಂಡು ಹೋದಾಗ ರೆಬೆಕ್ಕ ಸಿಕ್ಕಿದ್ದು ಬಾವಿಯ ಬಳಿ. ಅವಳು ದಿನವೂ ನೀರಿಗೆ ಬರುತ್ತಿದ್ದಳು, ಅದಕ್ಕೇ ಸಿಕ್ಕಳು ಎಂದು 10ನೆಯ ಪ್ರವಚನದಲ್ಲಿ ಅವನ ವಿವರಣೆ. ಹಬ್ಬಹರಿದಿನಕ್ಕೆ ಮಾತ್ರ ದೇವಾಲಯಕ್ಕೆ ಬರುವವರನ್ನು ಅಲ್ಲಿ ಅವನು ಪ್ರೀತಿಯಿಂದಲೇ ಗದರಿಸುತ್ತಾನೆ. 12ನೆಯದರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೇಳುತ್ತ ಕೂತವನೂ ತನ್ನದೇ ಬಾವಿ ಉಳ್ಳವನಾಗಬೇಕು, ಗ್ರಂಥ ಕೈಗೆತ್ತಿಕೊಂಡಾಗ ತನ್ನೊಳಗಿನಿಂದಲೂ ಅರ್ಥ ಸೇದುವವನಾಗಬೇಕು ಎನ್ನುತ್ತಾನೆ. ಅಷ್ಟು ದೊಡ್ಡ ಪಂಡಿತ ತನ್ನ ಬಾವಿಗೇ ಬನ್ನಿ ಎನ್ನಲಿಲ್ಲ. ಗುರುವಿನ ನಮ್ರತೆ ಕಾಣುವುದು ಇಲ್ಲಿ: ಶಿಷ್ಯನ ಒಳಗೂ ನೀರಿದೆ ಎಂಬ ನಂಬಿಕೆಯಲ್ಲಿ.

ಈಗ ಜಗಳದ ಬಾವಿಗಳಿಗೆ ಬರುತ್ತೇನೆ. ಈ ಅಧ್ಯಾಯದ ಅತ್ಯಂತ ಕಷ್ಟದ ಭಾಗ ಅದು. ಕಂಡುಕೊಂಡ ನೀರನ್ನು, ಅದೂ ಎರಡು ಬಾರಿ, ಬಿಟ್ಟುಕೊಟ್ಟು ಹೋಗುವುದು ಹೇಗೆ? ಒರಿಜೆನ್ ಇದನ್ನು ತನ್ನ ಕೆಲಸಕ್ಕೇ ಹಚ್ಚಿಕೊಳ್ಳುತ್ತಾನೆ. ನಾನು ಶಾಸ್ತ್ರದಲ್ಲಿ ಆಳವಾದ ಅರ್ಥ ಅಗೆಯಲು ಹೊರಟರೆ ತಕ್ಷಣ ತಂಟೆ ತೆಗೆಯುವವರು ಬರುತ್ತಾರೆ. ನಾವು ಇಸಾಕನ ಆಳುಗಳು, ಅವರನ್ನು ಅಲ್ಲಿಗೇ ಬಿಟ್ಟು ಅಗೆಯುವುದನ್ನು ಮಾತ್ರ ಬಿಡದಿರೋಣ ಎಂಬುದು ಅವನ ನಿಲುವು. ಅಲೆಕ್ಸಾಂಡ್ರಿಯವನ್ನು ಬಿಟ್ಟು ಬಂದವನ ಬಾಯಲ್ಲಿ ಈ ಮಾತಿಗೆ ತೂಕವಿದೆ. ಹುಟ್ಟೂರಿನಲ್ಲಿ ಅವನು ಕಟ್ಟಿದ ಹೆಸರಿತ್ತು, ಶಿಷ್ಯರಿದ್ದರು. ಕೈಸರೈಯದಲ್ಲಿ ಹೊಸದಾಗಿ ಶುರುಮಾಡಿದ. ಇಂದು ನಮಗೆ ಉಳಿದಿರುವ ಪ್ರವಚನಗಳಲ್ಲಿ ಬಹುಪಾಲು ಆ ಎರಡನೆಯ ನೆಲೆಯಲ್ಲಿ ಒಸರಿದವು.

ನಮ್ಮ ಬದುಕಿನಲ್ಲೂ ನೀರು ನಮ್ಮದು ಎಂಬ ಕೂಗು ದಿನಾ ಕೇಳುತ್ತದೆ. ಆಫೀಸಿನಲ್ಲಿ ಒಬ್ಬರ ಯೋಚನೆಗೆ ಇನ್ನೊಬ್ಬರ ಹೆಸರು ಬೀಳುತ್ತದೆ. ಅಣ್ಣತಮ್ಮಂದಿರ ನಡುವೆ ಪಾಲಿನ ಮಾತು ಏಳುತ್ತದೆ. ಮಂಡಳಿಯೊಂದರಲ್ಲಿ ವರ್ಷಗಟ್ಟಲೆ ದುಡಿದವರನ್ನು ಸನ್ಮಾನದ ದಿನ ಯಾರೂ ವೇದಿಕೆಗೆ ಕರೆಯುವುದಿಲ್ಲ. ಆಗ ಮನಸ್ಸು ಆ ಬಾವಿಯ ದಂಡೆಯಲ್ಲೇ ಕೂತುಬಿಡುತ್ತದೆ. ನಾನು ತೋಡಿದ್ದು, ನಾನು ತೋಡಿದ್ದು ಎಂದು ಹೇಳುತ್ತಲೇ ವರ್ಷಗಳು ಕಳೆಯುತ್ತವೆ. ಹಾಗೆ ಕೂತವನಿಗೆ ಮೂರನೆಯ ಬಾವಿ ಸಿಗುವುದೇ ಇಲ್ಲ. ಇಸಾಕ ಎದ್ದು ಹೋದ, ಅದಕ್ಕೆ ಅವನಿಗೆ ಜಾಗ ಸಿಕ್ಕಿತು. ಬಿಟ್ಟುಕೊಡುವ ಶಕ್ತಿ ಬರುವುದು ನೆಲದಡಿ ಇನ್ನೂ ನೀರಿದೆ ಎಂಬ ನಂಬಿಕೆಯಿಂದ. ಸಿಕ್ಕಿದ್ದು ಇದೊಂದೇ, ಇದು ಹೋದರೆ ನಾನೂ ಹೋದೆ ಎಂದುಕೊಂಡವನಿಂದ ಅದು ಆಗದು.

ಆದರೆ ಇಲ್ಲಿ ಒಂದು ಎಚ್ಚರ ಬೇಕೇ ಬೇಕು. ಬಿಟ್ಟುಕೊಡಿ ಎಂಬ ಬೋಧನೆಯನ್ನು ಬಲವುಳ್ಳವರು ಬಲವಿಲ್ಲದವರಿಗೆ ಮಾಡುವುದು ಲೋಕದಲ್ಲಿ ಹಳೆಯ ಚಾಳಿ. ಅಧ್ಯಾಯವನ್ನು ಮತ್ತೊಮ್ಮೆ ನೋಡಿ: ಇಸಾಕ ದುರ್ಬಲನಲ್ಲ. ನೀನು ನಮ್ಮನ್ನು ಮೀರಿ ಬೆಳೆದೆ ಎಂದವನು ಸ್ವತಃ ಅರಸ. ಕಾದಾಡಿ ಗೆಲ್ಲಬಲ್ಲವನು ಬಿಟ್ಟುಕೊಟ್ಟ, ಅದು ನಮ್ರತೆ. ಕಾದಾಡಲಾಗದವನಿಂದ ಕಸಿದುಕೊಂಡು ಅದಕ್ಕೆ ನಮ್ರತೆಯ ಹೆಸರಿಡುವುದು ಅನ್ಯಾಯ. ಭಾರತದಲ್ಲಿ ಬಾವಿಯ ಮಾತೆತ್ತುವ ಯಾರೂ ಇದನ್ನು ಮರೆಯುವಂತಿಲ್ಲ. ನೀರು ನಮ್ಮದು ಎಂದು ನಮ್ಮ ಹಳ್ಳಿಗಳ ಬಾವಿಕಟ್ಟೆಗಳು ತಲೆತಲಾಂತರ ಹೇಳುತ್ತ ಬಂದವು. ದಾಹದಿಂದ ಬಂದವರನ್ನು ದೂರ ನಿಲ್ಲಿಸಿ ಮೇಲಿನಿಂದ ನೀರು ಹೊಯ್ದವು. 1927ರ ಮಾರ್ಚ್ 20ರಂದು ಮಹಾಡಿನ ಚವದಾರ್ ಕೆರೆಗೆ ಡಾ. ಅಂಬೇಡ್ಕರ್ ಅವರು ಸಾವಿರಾರು ಜನರೊಡನೆ ನಡೆದುಹೋಗಿ ನೀರು ಕುಡಿದಾಗ ಅದೂ ಮಣ್ಣು ತೆಗೆಯುವ ಕೆಲಸವೇ ಆಗಿತ್ತು. ಆ ದಿನ ನಮ್ರರಾಗಬೇಕಾಗಿದ್ದವರು ಕೆರೆಯತ್ತ ನಡೆದವರಲ್ಲ, ಕೆರೆಯನ್ನು ಕಾಯುತ್ತ ನಿಂತವರು. ಶಾಸ್ತ್ರವನ್ನು ಒಳಮುಖವಾಗಿ ಓದುವುದು ಎಂದರೆ ಹೊರಗಿನ ಅನ್ಯಾಯಕ್ಕೆ ಕಣ್ಣು ಮುಚ್ಚುವುದಲ್ಲ. ನನ್ನ ಒಳಗಿನ ಫಿಲಿಷ್ಟಿಯನನ್ನು ಗುರುತಿಸಿದರೆ, ನಾನು ಯಾರ ಬಾವಿಗೆ ಮಣ್ಣು ಹಾಕುತ್ತಿದ್ದೇನೆ ಎಂಬುದೂ ಕಾಣಬೇಕು.

ಮಣ್ಣು ಮುಚ್ಚಿದ ಬಾವಿಗಳ ಗತಿಯೇ ಒರಿಜೆನ್‌ಗೂ ಅವನ ಗ್ರಂಥಗಳಿಗೂ ಬಂತು. 250ರಲ್ಲಿ ಡೆಸಿಯಸ್ ಚಕ್ರವರ್ತಿಯ ಕಾಲದ ದಮನದಲ್ಲಿ ಅವನನ್ನು ಸೆರೆಗೆ ಹಾಕಿ ಚಿತ್ರಹಿಂಸೆ ಕೊಟ್ಟರು. ಹೊರಬಂದ ಕೆಲವೇ ವರ್ಷಗಳಲ್ಲಿ ತೀರಿಕೊಂಡ. 6ನೆಯ ಶತಮಾನದಲ್ಲಿ ಅವನ ಹೆಸರಿನ ಕೆಲವು ಬೋಧನೆಗಳನ್ನು ಚರ್ಚು ಖಂಡಿಸಿತು. ಅವನ ಗ್ರೀಕ್ ಬರಹಗಳಲ್ಲಿ ಬಹುಪಾಲು ಕಳೆದುಹೋದವು. ಬಾವಿಗಳ ಪ್ರವಚನವೂ ಗ್ರೀಕಿನಲ್ಲಿ ಸಂಪೂರ್ಣವಾಗಿ ಉಳಿದಿಲ್ಲ. ರುಫೀನಸ್ ಎಂಬಾತ ಲ್ಯಾಟಿನ್ನಿಗೆ ತಂದಿದ್ದರಿಂದ ನಮಗೆ ದಕ್ಕಿದೆ. ಆದರೆ ಮಣ್ಣು ಮುಚ್ಚಿದ ಬಾವಿಗಳನ್ನು ತೋಡುವವರು ಕಾಲಕಾಲಕ್ಕೆ ಬಂದರು. 1941ರಲ್ಲಿ, ಯುದ್ಧದ ನಡುವೆ, ಕೈರೋ ಬಳಿಯ ತುರಾದಲ್ಲಿ ಬ್ರಿಟಿಷ್ ಸೈನ್ಯ ಮದ್ದುಗುಂಡು ಇಡಲೆಂದು ಹಳೆಯ ಕಲ್ಲುಗಣಿಯ ಗುಹೆಗಳನ್ನು ಗುಡಿಸಿಸುತ್ತಿದ್ದಾಗ ಕಸದಡಿ ಪಪೈರಸ್ ಹೊತ್ತಗೆಗಳು ಸಿಕ್ಕವು. ಅವುಗಳಲ್ಲಿ ಒರಿಜೆನ್‌ನ ಬರಹಗಳಿದ್ದವು. 2012ರಲ್ಲಿ ಮ್ಯೂನಿಕ್ ನಗರದ ಬವೇರಿಯ ರಾಜ್ಯ ಗ್ರಂಥಾಲಯದ ಗ್ರೀಕ್ ಹಸ್ತಪ್ರತಿಗಳನ್ನು ಪಟ್ಟಿಮಾಡುತ್ತಿದ್ದ ಮರೀನಾ ಮೊಲಿನ್ ಪ್ರಾಡೆಲ್ ಎಂಬ ವಿದುಷಿ, ಕರ್ತೃವಿನ ಹೆಸರಿಲ್ಲದ ಒಂದು ಪ್ರತಿಯಲ್ಲಿ ಕೀರ್ತನೆಗಳ ಮೇಲಿನ ಅವನ 29 ಪ್ರವಚನಗಳನ್ನು ಗುರುತಿಸಿದರು. ಶತಮಾನಗಳ ಕಾಲ ಅವು ಕಪಾಟಿನಲ್ಲೇ ಇದ್ದವು, ಯಾರವೆಂದು ತಿಳಿಯದೆ. ಹೆಸರು ಹೋದರೂ ನೀರು ಉಳಿದಿತ್ತು. ತನ್ನ ಹೆಸರಿಗಿಂತ ತಾನು ಅಗೆದದ್ದು ಉಳಿಯಲಿ ಎಂಬುದು ಬರೆಯುವವರ ನಮ್ರತೆಯಾಗಬಹುದಾದರೆ, ಒರಿಜೆನ್‌ಗೆ ಅದನ್ನು ಕಾಲವೇ ಕೊಟ್ಟಿತು.

ರೆಹೋಬೋತಿನಲ್ಲಿ ಇಸಾಕನ ಕಥೆ ನಿಲ್ಲುವುದಿಲ್ಲ. ಅವನು ಬೇರ್ಷೆಬಕ್ಕೆ ಹೋಗುತ್ತಾನೆ. ಆ ರಾತ್ರಿಯೇ ದೇವರು ಕಾಣಿಸಿಕೊಂಡು ಹೆದರಬೇಡ ಎನ್ನುತ್ತಾನೆ. ಇಸಾಕ ಬಲಿಪೀಠ ಕಟ್ಟುತ್ತಾನೆ, ಗುಡಾರ ಹಾಕುತ್ತಾನೆ, ಆಳುಗಳು ಅಲ್ಲಿಯೂ ಅಗೆಯಲು ತೊಡಗುತ್ತಾರೆ. ಅಷ್ಟರಲ್ಲಿ ಅವನನ್ನು ಹೊರಹಾಕಿದ್ದ ಅಬೀಮೆಲೆಕನೇ ಸೇನಾಪತಿಯೊಡನೆ ಬರುತ್ತಾನೆ. ಇಸಾಕ ಅವನನ್ನು ಕೇಳುವ ಮಾತು ನೇರವಾದದ್ದು: ನನ್ನನ್ನು ದ್ವೇಷಿಸಿ ಕಳಿಸಿದಿರಿ, ಈಗೇಕೆ ಬಂದಿರಿ? ನಮ್ರನಾದವನು ಆದದ್ದನ್ನು ಆಗಲಿಲ್ಲವೆಂದು ನಟಿಸಬೇಕಾಗಿಲ್ಲ ಎಂದು ತೋರಿಸುವುದಕ್ಕೇ ಈ ಪ್ರಶ್ನೆಯನ್ನು ಉಳಿಸಿದ್ದಾರೇನೋ ಎನಿಸುತ್ತದೆ. ಬಂದವರು ಶಾಂತಿಯ ಒಪ್ಪಂದ ಬೇಕೆನ್ನುತ್ತಾರೆ. ಇಸಾಕ ಅವರಿಗೆ ಔತಣ ಮಾಡಿಸಿ ಉಣಬಡಿಸುತ್ತಾನೆ. ಮರುದಿನ ಬೆಳಗ್ಗೆ ಪರಸ್ಪರ ಆಣೆಯಿಟ್ಟು ಅವರನ್ನು ಸಮಾಧಾನದಿಂದ ಕಳಿಸಿಕೊಡುತ್ತಾನೆ. ನಮ್ಮ ಕನ್ನಡ ಬೈಬಲ್ಲಿನಲ್ಲಿ ಓದುವಂತೆ, ಅದೇ ದಿನ ಆಳುಗಳು ಓಡಿಬಂದು ನೀರು ಸಿಕ್ಕಿತು ಎನ್ನುತ್ತಾರೆ.

ಶಾಂತಿಯ ಆಣೆ, ನೀರು ಸಿಕ್ಕ ಸುದ್ದಿ, ಎರಡನ್ನೂ ಕಥೆ ಒಂದೇ ದಿನಕ್ಕೆ ಇಟ್ಟಿದೆ. ಅದನ್ನು ಕಾಕತಾಳೀಯವೆಂದು ದಾಟಿ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಎಷ್ಟು ಓದಿದರೂ, ಎಷ್ಟು ಜಪತಪ ಮಾಡಿದರೂ ಒಳಗೆ ಒಣಗಿದಂತೆಯೇ ಇದೆ ಎಂದು ಕೊರಗುವವರು ಬಹಳ. ಇನ್ನಷ್ಟು ಗ್ರಂಥ, ಇನ್ನಷ್ಟು ವ್ರತ ಹುಡುಕಿಕೊಂಡು ಹೋಗುವ ಮೊದಲು ಅವರು ಈ ಅಧ್ಯಾಯವನ್ನೊಮ್ಮೆ ನಿಧಾನವಾಗಿ ಓದಲಿ. ನಮ್ಮನ್ನು ನೋಯಿಸಿದವರು ಒಂದು ದಿನ ಬಾಗಿಲಿಗೆ ಬಂದರೆ, ನಿಜವನ್ನು ನೇರವಾಗಿ ಹೇಳಿ, ಆಮೇಲೆ ಎಲೆ ಹಾಕಿ ಬಡಿಸುವಷ್ಟು ಜಾಗ ಒಳಗೆ ಇದೆಯೇ ಎಂದು ಕೇಳಿಕೊಳ್ಳಲಿ. ಇಲ್ಲವೆಂದಾದರೆ ಮಣ್ಣು ಎಲ್ಲಿ ಕೂತಿದೆ ಎಂಬುದು ತಿಳಿಯಿತು. ಗುದ್ದಲಿ ಹಾಕಬೇಕಾದದ್ದು ಅಲ್ಲಿಂದಲೇ.